ಹಳದಿ ದೀಪದ ಮಾತು

ಬಾಗಲಕೋಟೆ ಜಿಲ್ಲೆಯ ಕೆರೂರಿನಲ್ಲಿ ಹೆದ್ದಾರಿಗೆ ಬೆನ್ನು ಕೊಟ್ಟು ನಿಂತ ಒಂದು ನೂಲಿನ ಗೋದಾಮು. ಅರ್ಧ ಹಳೆಯ ಕಲ್ಲಿನ ಕಟ್ಟಡ, ಇನ್ನರ್ಧ ಈಚೆಗೆ ಎಬ್ಬಿಸಿದ ಪತ್ರಾಸಿನ ಶೆಡ್ಡು. ಶೆಡ್ಡಿನ ಬಾಗಿಲ ಪಕ್ಕ ಬೆಂಕಿ ಎಚ್ಚರಿಕೆಯ ಪ್ಯಾನೆಲ್ ತೂಗುಹಾಕಿತ್ತು. ಅದರ ಮೇಲೆ ಹಳದಿ ದೀಪ ಮಿಣುಕುತ್ತಿತ್ತು.

“ಇದು ಯಾವಾಗಿಂದ ಹಿಂಗ ಐತ್ರಿ ಕಾಕಾ?” ಎಂದು ಕೇಳಿದೆ.

“ಹೋಳಿಹುಣ್ಣಿವಿ ಮುಂದ ಹತ್ತೇತ್ರಿ. ದಿನಾ ರಾತ್ರಿ ಒದರಾಕ ಹತ್ತಿತ್ತು, ನಿದ್ದಿ ಮಾಡಾಕ ಬಿಡತಿರಲಿಲ್ಲ. ಅದಕ್ಕ ಸದ್ದು ಬಂದ್ ಮಾಡೇವಿ,” ಎಂದರು ಗೋದಾಮು ಕಾಯುವ ಹಿರಿಯರು.

ನಾನು ಹೋದದ್ದು ಮಿರಗದ ಮಳೆ ಹಿಡಿದ ಮೇಲೆ. ಅಲ್ಲಿಗೆ ಮೂರು ತಿಂಗಳು ಆ ದೀಪ ಮಿಣುಕಿತ್ತು. ನೂಲಿನ ರಾಶಿಯ ನಡುವೆ, ಹೇಳಿಕೊಳ್ಳಲು ದನಿಯಿಲ್ಲದೆ.

ಈ ಪ್ಯಾನೆಲ್‌ಗಳ ದೀಪದ ಭಾಷೆ ಸರಳ. ಹಸಿರು ಎಂದರೆ ಕರೆಂಟ್ ಇದೆ. ಕೆಂಪು ಎಂದರೆ ಬೆಂಕಿ. ಹಳದಿ ಎಂದರೆ “ನನ್ನೊಳಗೆ ಏನೋ ಕೆಟ್ಟಿದೆ, ಈಗ ಬೆಂಕಿ ಬಿದ್ದರೆ ಹೇಳುತ್ತೇನೆಂಬ ಭರವಸೆ ಇಟ್ಟುಕೊಳ್ಳಬೇಡಿ” ಎಂದು. ಕೆಂಪಿಗೆ ಎಲ್ಲರೂ ಓಡುತ್ತಾರೆ. ಹಳದಿಯನ್ನು ನೋಡಿ ರೂಢಿಯಾಗಿ ಬಿಡುತ್ತದೆ. ತಂತಿ ಇಲ್ಲದ, ಅಂದರೆ ವೈರ್‌ಲೆಸ್ ವ್ಯವಸ್ಥೆಗಳಲ್ಲಿ ಈ ಹಳದಿ ದೀಪ ಏಕೆ ಹತ್ತುತ್ತದೆ, ಕಾರಣವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ಒಟ್ಟಾಗಿ ನೋಡೋಣ. ಇಷ್ಟು ವರ್ಷ ಈ ಕೆಲಸದಲ್ಲಿ ಕೈ ಆಡಿಸಿದ ಮೇಲೆ ನನಗೆ ಮನದಟ್ಟಾದದ್ದು ಇದು: ದೋಷ ಬಹಳ ಸಲ ಯಂತ್ರದೊಳಗೆ ಇರುವುದಿಲ್ಲ. ಅದು ಕಟ್ಟಡದಲ್ಲಿರುತ್ತದೆ, ಹವೆಯಲ್ಲಿರುತ್ತದೆ, ನಮ್ಮ ದಿನಚರಿಯಲ್ಲಿರುತ್ತದೆ. ಆದ್ದರಿಂದ ಮೊದಲು ಜಾಗವನ್ನೂ ಹೊತ್ತನ್ನೂ ನೋಡಬೇಕು. ಸ್ಕ್ರೂಡ್ರೈವರ್ ಹಿಡಿಯುವುದು ಆಮೇಲೆ.

ತಂತಿ ಬಿಟ್ಟದ್ದು ಏಕೆ

ನಮ್ಮ ಕಡೆಯ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಇದರ ಉತ್ತರ ಗೊತ್ತು. ಎರಡು ಅಡಿ ದಪ್ಪದ ಕಲ್ಲುಗೋಡೆ, ಮರದ ಜಂತಿ, ಮೇಲೆ ಮಣ್ಣಿನ ಮಾಳಿಗೆ. ಇದರಲ್ಲಿ ತಂತಿಯ ಪೈಪು ಹಾಯಿಸಲು ಗೋಡೆ ಕೊರೆದರೆ ಕಲ್ಲು ಸಡಿಲವಾಗುತ್ತದೆ, ಖರ್ಚು ಏರುತ್ತದೆ, ಮಗ್ಗದ ಕೆಲಸ ವಾರಗಟ್ಟಲೆ ನಿಲ್ಲುತ್ತದೆ. ವೈರ್‌ಲೆಸ್ ಆದರೆ ಒಂದೆರಡು ದಿನದಲ್ಲಿ ಡಿಟೆಕ್ಟರ್‌ಗಳನ್ನು ಚಾವಣಿಗೆ ಕೂಡಿಸಿ ಮುಗಿಸಬಹುದು. ಯುರೋಪಿನ ಹಳೆಯ ಇಗರ್ಜಿ, ಅರಮನೆಗಳಲ್ಲಿ ಈ ವ್ಯವಸ್ಥೆ ಬೇರೂರಲೂ ಇದೇ ಕಾರಣ.

ಬೆಂಕಿಯ ಭಯ ನಮಗೆ ಹೊಸದಲ್ಲ. 1897ರಲ್ಲಿ ಮೈಸೂರಿನ ಮರದ ಅರಮನೆ ಮದುವೆಯ ಸಂಭ್ರಮದ ನಡುವೆಯೇ ಸುಟ್ಟುಹೋಯಿತು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಜೀವ ಕಳೆದುಕೊಂಡರು. ಹೊಗೆಗೆ ಹೆದರಿ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ನೂಲು ಬಟ್ಟೆಯ ಊರುಗಳಿಗೆ ಇನ್ನೂ ಹತ್ತಿರದ ಪಾಠ ಸೊಲ್ಲಾಪುರದ್ದು. ಕೆರೂರಿನ ಮೇಲೆ ಹಾಯುವ ಹೆದ್ದಾರಿಯೇ ಅಲ್ಲಿಗೂ ಹೋಗುತ್ತದೆ. 2025ರ ಮೇ 18ರ ನಸುಕಿನಲ್ಲಿ ಅಲ್ಲಿನ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು 8 ಜನ ಸತ್ತರು. ಅವರು ಅಲ್ಲಿಯೇ ಉಳಿದುಕೊಂಡಿದ್ದವರು. ನೂಲಿರುವ ಜಾಗದಲ್ಲಿ ಜನ ಮಲಗಿದ್ದಾಗ ಬೆಂಕಿ ಹತ್ತಿದರೆ ಕೈಯಲ್ಲಿರುವುದು ಕೆಲವೇ ನಿಮಿಷ. ಆ ನಿಮಿಷಗಳನ್ನು ಉಳಿಸಿಕೊಡುವುದೇ ಎಚ್ಚರಿಕೆ ವ್ಯವಸ್ಥೆಯ ಕೆಲಸ.

ವೈರ್‌ಲೆಸ್ ವ್ಯವಸ್ಥೆಗಳಲ್ಲಿ ಎರಡು ಜಾತಿ. ಒಂದು, ಹೊಗೆ ಕಂಡಾಗ ಮಾತ್ರ ಒಮ್ಮೆ ಕೂಗಿ ಹೇಳುವ ಅಗ್ಗದ ಡಿಟೆಕ್ಟರ್. ಇನ್ನೊಂದು, ಪ್ಯಾನೆಲ್ ಜೊತೆ ಆಗಾಗ ಮಾತಾಡಿ “ನಾನಿದ್ದೇನೆ” ಎನ್ನುತ್ತಿರುವ ಡಿಟೆಕ್ಟರ್. ನಮ್ಮ ಜಿಲ್ಲೆಯಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋದ ಮಗ ದಿನಾ ಸಂಜೆ ಫೋನ್ ಮಾಡುತ್ತಿದ್ದರೆ, ಒಂದು ದಿನ ಫೋನ್ ಬರದಿದ್ದರೂ ತಾಯಿಗೆ ತಿಳಿಯುತ್ತದೆ. ತೊಂದರೆಯಾದಾಗಷ್ಟೇ ಫೋನ್ ಮಾಡುವ ಮಗನಾದರೆ ಅವನು ಸುಮ್ಮನಿರುವುದು ಸುಖದಿಂದಲೋ ಸಂಕಟದಿಂದಲೋ ಹೇಳುವವರಿಲ್ಲ. ಯುರೋಪಿನ ಇಎನ್ 54-25 ಮಾನದಂಡ ಎರಡನೆಯ ಜಾತಿಯನ್ನೇ ಒಪ್ಪುತ್ತದೆ: ಸಂಪರ್ಕ ಕಡಿದರೆ 300 ಸೆಕೆಂಡಿನೊಳಗೆ ಪ್ಯಾನೆಲ್‌ಗೆ ಅದು ಗೊತ್ತಾಗಬೇಕು. ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 7240ರ 25ನೆಯ ಭಾಗವೂ ರೇಡಿಯೋ ಸಂಪರ್ಕದ ಉಪಕರಣಗಳದೇ. ನಮ್ಮಲ್ಲಿ ಅಲಾರಂಗಳ ಆಯ್ಕೆ, ಜೋಡಣೆ, ನಿರ್ವಹಣೆಗೆ ಐಎಸ್ 2189 ಎಂಬ ಸಂಹಿತೆ ಇದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 4ನೆಯ ಭಾಗ ಅಗ್ನಿ ಸುರಕ್ಷತೆಗೇ ಮೀಸಲು. ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. “ಇದು ದಿನಾ ಫೋನ್ ಮಾಡುವ ಮಗನೋ ಅಲ್ಲವೋ” ಎಂಬುದು.

ಈ ಲೆಕ್ಕದಲ್ಲಿ ಹಳದಿ ದೀಪ ವ್ಯವಸ್ಥೆಯ ಸೋಲಲ್ಲ, ಅದರ ಗುಣ. ಅಗ್ಗದ ಡಿಟೆಕ್ಟರ್‌ಗೆ ಹಳದಿ ದೀಪವೇ ಇಲ್ಲ. ಅದು ಸತ್ತರೂ ಯಾರಿಗೂ ತಿಳಿಯದು.

ಒಂದೋ, ಗುಂಪೋ, ಎಲ್ಲವೋ

ಒಳ್ಳೆಯ ಪ್ಯಾನೆಲ್‌ಗಳು ಪ್ರತಿ ದೋಷವನ್ನೂ ತಾರೀಖು, ಹೊತ್ತಿನ ಸಮೇತ ಬರೆದಿಟ್ಟುಕೊಳ್ಳುತ್ತವೆ. ರಿಪೇರಿಗೆ ಹೋದವರು ಬಹುತೇಕ ಮೊದಲು ಮಾಡುವುದು ರೀಸೆಟ್ ಒತ್ತುವುದು. ಅದು ತಪ್ಪು. ರೀಸೆಟ್ ಒತ್ತಿದರೆ ಆ ಗಳಿಗೆಯ ಸುಳಿವು ಹೋಯಿತು. ಮೊದಲು ಪಟ್ಟಿ ಓದಬೇಕು, ಕಾಗದದ ಮೇಲೆ ಬರೆದುಕೊಳ್ಳಬೇಕು.

ಪಟ್ಟಿಗೆ ಮೂರು ಪ್ರಶ್ನೆ ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಮೊದಲನೆಯದು, ದೂರು ಎಷ್ಟು ಡಿಟೆಕ್ಟರ್‌ಗಳದು? ಒಂದೇ ಡಿಟೆಕ್ಟರ್ ದೂರು ಹೇಳುತ್ತಿದ್ದರೆ ಅದರ ಸೆಲ್ಲು, ಅದರ ಬೇಸ್, ಅದು ಕೂತ ಜಾಗ ನೋಡಬೇಕು. ಒಂದೇ ದಿಕ್ಕಿನ ನಾಲ್ಕಾರು ಡಿಟೆಕ್ಟರ್‌ಗಳು ಒಟ್ಟಿಗೆ ಹೋದರೆ ಅವುಗಳಿಗೆ ದಾರಿಯಾಗಿರುವ ರಿಪೀಟರ್ ಕೆಟ್ಟಿರಬೇಕು, ಇಲ್ಲವೇ ನಡುವೆ ಹೊಸದೊಂದು ಅಡ್ಡಗೋಡೆ ಎದ್ದಿರಬೇಕು. ಎಲ್ಲವೂ ಒಟ್ಟಿಗೆ ಹೋದರೆ ಪ್ಯಾನೆಲ್‌ನ ಆಂಟೆನಾ, ಅದರ ಕರೆಂಟು ಅಥವಾ ಹೊರಗಿನ ರೇಡಿಯೋ ಗದ್ದಲ.

ಎರಡನೆಯ ಪ್ರಶ್ನೆ ಹೊತ್ತಿನದು. ದೋಷ ದಿನದ ಒಂದೇ ಹೊತ್ತಿಗೆ ಬರುತ್ತದೆಯೇ? ಸಂತೆಯ ದಿನವೇ? ಮಗ್ಗ ಶುರುವಾದಾಗಲೇ? ಮೂರನೆಯದು: ದೋಷ ಶುರುವಾದ ವಾರದಲ್ಲಿ ಕಟ್ಟಡದಲ್ಲಿ ಏನು ಬದಲಾಯಿತು? ಈ ಮೂರನೆಯ ಪ್ರಶ್ನೆಗೆ ಉತ್ತರ ಪ್ಯಾನೆಲ್‌ನಲ್ಲಿ ಇರುವುದಿಲ್ಲ. ಅಲ್ಲಿ ದಿನಾ ಇರುವವರ ಬಾಯಲ್ಲಿರುತ್ತದೆ. ಅವರ ಪಕ್ಕ ಕೂತು, ಚಹಾ ಕುಡಿದು ಕೇಳಬೇಕು.

ಆ ಗೋದಾಮಿನ ಪಟ್ಟಿಯಲ್ಲಿ ಕಲ್ಲಿನ ಕಟ್ಟಡದ ಮೂರು ಡಿಟೆಕ್ಟರ್‌ಗಳು ದಿನಾ ರಾತ್ರಿ ಎಂಟರ ಸುಮಾರಿಗೆ ಸಂಪರ್ಕ ಕಳೆದುಕೊಂಡು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮತ್ತೆ ಬರುತ್ತಿದ್ದವು. ಅವುಗಳಲ್ಲಿ ಒಂದು ಸೆಲ್ಲು ಮುಗಿಯುತ್ತಿದೆ ಎಂದೂ ಹೇಳುತ್ತಿತ್ತು. ಹಗಲಲ್ಲಿ ಪರೀಕ್ಷೆ ಮಾಡಿದವರಿಗೆ ಸಂಪರ್ಕವೆಲ್ಲ ಸರಿಯಾಗಿಯೇ ಕಂಡಿತ್ತು.

ಸೆಲ್ಲಿನ ಲೆಕ್ಕ

ತಂತಿಯ ವ್ಯವಸ್ಥೆಗೆ ಇಲ್ಲದ, ವೈರ್‌ಲೆಸ್‌ಗೆ ತಪ್ಪದ ಹೊರೆ ಸೆಲ್ಲು. ಇಎನ್ 54-25ರ ಪ್ರಕಾರ ಸೆಲ್ಲು ಕನಿಷ್ಠ 36 ತಿಂಗಳು ಬಾಳಬೇಕು. ಮುಗಿಯುತ್ತಿದೆ ಎಂದು ಎಚ್ಚರಿಸಿದ ಮೇಲೂ ಡಿಟೆಕ್ಟರ್ 30 ದಿನ ಕೆಲಸ ಮಾಡುವಷ್ಟು ಶಕ್ತಿ ಉಳಿದಿರಬೇಕು. ಅಂದರೆ ಆ ಎಚ್ಚರಿಕೆ ನಮಗೆ ಕೊಡುವ ವಾಯಿದೆ ಒಂದು ತಿಂಗಳು. ಗೋದಾಮಿನಲ್ಲಿ ಮೂರು ವಾಯಿದೆಗಳು ಕಳೆದಿದ್ದವು.

ಹೆಚ್ಚಿನ ಡಿಟೆಕ್ಟರ್‌ಗಳಿಗೆ ಬೇಕಾದದ್ದು 3 ಅಥವಾ 3.6 ವೋಲ್ಟಿನ ಲಿಥಿಯಂ ಸೆಲ್ಲು. ಗಡಿಯಾರಕ್ಕೆ ಹಾಕುವ ಸೆಲ್ಲು ಅಳತೆಗೆ ಹೊಂದಿದರೂ ನಡೆಯುವುದಿಲ್ಲ. 3.6 ವೋಲ್ಟಿನ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ಲಿಗೆ ಒಂದು ವಿಚಿತ್ರ ಸ್ವಭಾವವಿದೆ. ಬಹಳ ದಿನ ಬಳಸದೆ ಇಟ್ಟರೆ ಒಳಗಿನ ಲಿಥಿಯಂ ಮೇಲೆ ತೆಳುವಾದ ಪದರ ಕಟ್ಟುತ್ತದೆ. ಹೊಸ ಸೆಲ್ಲು ಹಾಕಿದ ಕೂಡಲೇ ವೋಲ್ಟೇಜು ಕುಸಿದಂತೆ ತೋರುತ್ತದೆ, ಸ್ವಲ್ಪ ಹೊತ್ತು ಕರೆಂಟು ಹರಿದ ಮೇಲೆ ಏರುತ್ತದೆ. ಇದನ್ನು ತಿಳಿಯದವರು ಒಳ್ಳೆಯ ಸೆಲ್ಲನ್ನು ಎಸೆದು ಡಿಟೆಕ್ಟರ್‌ನ ಮೇಲೆ ಗೂಬೆ ಕೂಡಿಸುತ್ತಾರೆ.

ಇನ್ನೂ ಮುಖ್ಯವಾದ ಮಾತು: ಸೆಲ್ಲು ಬೇಗ ಮುಗಿಯುವುದು ಎಷ್ಟೋ ಸಲ ಸೆಲ್ಲಿನ ದೋಷವಲ್ಲ. ಸಂಪರ್ಕ ಕ್ಷೀಣವಾದಾಗ ಡಿಟೆಕ್ಟರ್ ಮತ್ತೆ ಮತ್ತೆ ಕೂಗಿ ಕರೆಯುತ್ತದೆ, ಕೆಲವು ಮಾದರಿಗಳು ದನಿಯನ್ನೂ ಏರಿಸುತ್ತವೆ. ಗಂಟಲು ಹರಿದುಕೊಂಡವನಿಗೆ ದಣಿವು ಬೇಗ. ಮೂರು ವರ್ಷ ಬರಬೇಕಾದ ಸೆಲ್ಲು ಒಂದು ವರ್ಷಕ್ಕೇ ಮುಗಿದರೆ ಹೊಸದು ಹಾಕಿ ಹೊರಟುಬಿಡಬಾರದು, ಸಿಗ್ನಲ್ ಅಳೆಯಬೇಕು. ಅದರ ಜೊತೆಗೆ ಬಿಸಿಲು. ಬಾಗಲಕೋಟೆ ಸೀಮೆಯ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ಇದ್ದರೆ ಪತ್ರಾಸಿನ ಅಡಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಆ ಝಳಕ್ಕೆ ಸೆಲ್ಲು ಸುಮ್ಮನೆ ಕೂತೇ ಸೋರುತ್ತದೆ.

ಗೋಡೆ, ತಗಡು, ಶಟರ್

ರೇಡಿಯೋ ತರಂಗ ಕಣ್ಣಿಗೆ ಕಾಣದು. ಆದರೆ ಅಳೆಯಲು ಬರುತ್ತದೆ. ಒಳ್ಳೆಯ ವ್ಯವಸ್ಥೆಗಳು ಪ್ರತಿ ಡಿಟೆಕ್ಟರ್‌ನ ಸಿಗ್ನಲ್ ಬಲವನ್ನು ಡೆಸಿಬೆಲ್ ಲೆಕ್ಕದಲ್ಲಿ ತೋರಿಸುತ್ತವೆ. 10 ಡೆಸಿಬೆಲ್ ಕುಸಿದರೆ ಶಕ್ತಿ ಹತ್ತರಲ್ಲೊಂದು ಪಾಲಾಯಿತು, 20 ಕುಸಿದರೆ ನೂರರಲ್ಲೊಂದು. ಜೋಡಿಸಿದ ದಿನ ಅಳೆದು ಬರೆದಿಟ್ಟ ಅಂಕಿ ಇದ್ದರೆ ಇಂದಿನ ಅಂಕಿಯ ಜೊತೆ ಹೋಲಿಸಿ ನೋಡಬಹುದು. ಆ ಅಂಕಿ ಇಲ್ಲದಿದ್ದರೆ ರಿಪೇರಿ ಕತ್ತಲಲ್ಲಿ ತಡಕಾಡಿದಂತೆ. ನಾನು ಕಂಡ ಹೆಚ್ಚಿನ ಕಡೆ ಅದನ್ನು ಯಾರೂ ಬರೆದಿಟ್ಟಿರಲಿಲ್ಲ.

ಕಲ್ಲುಗೋಡೆ ತರಂಗವನ್ನು ಹೀರುತ್ತದೆ. ಒದ್ದೆ ಗೋಡೆ ಇನ್ನೂ ಹೆಚ್ಚು ಹೀರುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ಸಂಪರ್ಕ ಮಾಳಿಗೆಯ ಮಣ್ಣು ನೆನೆದ ಮಳೆಗಾಲದಲ್ಲಿ ಕಡಿಯುವುದಕ್ಕೆ ಇದೇ ಕಾರಣ. ತಗಡು ತರಂಗವನ್ನು ಹೀರುವುದಿಲ್ಲ, ಹಿಂದಕ್ಕೆ ಎಸೆಯುತ್ತದೆ. ಹಾಗೆ ಎಸೆದ ತರಂಗ ನೇರ ಬಂದ ತರಂಗದ ಜೊತೆ ಸೇರಿ ಒಂದು ಜಾಗದಲ್ಲಿ ಬಲ ಕೊಡುತ್ತದೆ, ಪಕ್ಕದ ಜಾಗದಲ್ಲಿ ಸೊನ್ನೆಯಾಗಿಸುತ್ತದೆ. 865 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಹಾಗಾಗಿ ಡಿಟೆಕ್ಟರನ್ನು ಒಂದು ಗೇಣು ಆಚೆ ಸರಿಸಿದರೂ ಸತ್ತ ಸಂಪರ್ಕ ಜೀವ ಪಡೆಯುವುದುಂಟು. ದುಬಾರಿ ಬಿಡಿಭಾಗ ತರಿಸುವ ಮೊದಲು ಆ ಒಂದು ಗೇಣನ್ನು ಸರಿಸಿ ನೋಡುವುದು ಲೇಸು.

ಯಂತ್ರದ ದೋಷವೋ ಜಾಗದ ದೋಷವೋ ಎಂದು ತೀರ್ಮಾನಿಸಲು ಅದಲು ಬದಲಿನ ಪರೀಕ್ಷೆಗಿಂತ ಒಳ್ಳೆಯದು ಇಲ್ಲ. ದೂರು ಹೇಳುವ ಡಿಟೆಕ್ಟರನ್ನು ಚೆನ್ನಾಗಿರುವುದರ ಜಾಗಕ್ಕೂ, ಅದನ್ನು ಇದರ ಜಾಗಕ್ಕೂ ಹಾಕಿ ಒಂದು ಹಗಲು, ಒಂದು ರಾತ್ರಿ ಬಿಡಬೇಕು. ದೋಷ ಯಂತ್ರದ ಹಿಂದೆ ಹೋದರೆ ಯಂತ್ರದ್ದು, ಜಾಗದಲ್ಲೇ ಉಳಿದರೆ ಜಾಗದ್ದು. ಮುಗಿದ ಮೇಲೆ ಎರಡನ್ನೂ ತಮ್ಮ ತಮ್ಮ ಜಾಗಕ್ಕೆ ಮರಳಿಸಬೇಕು, ಇಲ್ಲವಾದರೆ ಪ್ಯಾನೆಲ್ ಮೇಲಿನ ಹೆಸರು ಸುಳ್ಳಾಗುತ್ತದೆ.

ಗೋದಾಮಿನಲ್ಲಿ ಹೀಗೆ ಮಾಡಿ ರಾತ್ರಿ ಅಲ್ಲಿಯೇ ಉಳಿದೆ. ಎಂಟಕ್ಕೆ ಕಾಕಾ ಎದ್ದು ಕಲ್ಲಿನ ಕಟ್ಟಡಕ್ಕೂ ಶೆಡ್ಡಿಗೂ ನಡುವಿನ ಉಕ್ಕಿನ ಶಟರ್ ಎಳೆದರು. ಐದು ನಿಮಿಷ ಕಳೆಯುವುದರೊಳಗೆ ಪ್ಯಾನೆಲ್ ಸಂಪರ್ಕ ಕಡಿದ ದೂರು ತೋರಿಸಿತು. ಬದಲಿಸಿ ಹಾಕಿದ ಒಳ್ಳೆಯ ಡಿಟೆಕ್ಟರೂ ಅದೇ ದೂರು ಹೇಳಿತು. “ಈ ಶಟರ್ ಯಾವಾಗ ಹಾಕ್ಸೀರಿ?” ಎಂದೆ. “ಹೋಳಿಹುಣ್ಣಿವಿ ಮುಂದ್ರಿ” ಎಂದವರೇ ಶಟರನ್ನೂ ದೀಪವನ್ನೂ ಒಮ್ಮೆ ನೋಡಿ ಸುಮ್ಮನಾದರು.

ಯೋಚಿಸಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಹಗಲಲ್ಲಿ, ಹತ್ತು ಕಣ್ಣುಗಳು ಎಚ್ಚರವಿದ್ದಾಗ, ವ್ಯವಸ್ಥೆಯೂ ಎಚ್ಚರವಿತ್ತು. ರಾತ್ರಿ, ಒಬ್ಬರೇ ಮಲಗಿದ್ದಾಗ, ಅದೂ ಕಿವುಡಾಗುತ್ತಿತ್ತು. ಸೊಲ್ಲಾಪುರದ ಬೆಂಕಿ ಬಿದ್ದದ್ದೂ ನಸುಕಿನಲ್ಲೇ. ಪರೀಕ್ಷೆ ಮಾಡುವವರು ಬಾಗಿಲು ಕಿಟಕಿ ಹಾಕಿ, ಶಟರ್ ಎಳೆದು, ಕಟ್ಟಡ ಮಲಗುವ ಸ್ಥಿತಿಯಲ್ಲಿಯೇ ಪರೀಕ್ಷೆ ಮಾಡಬೇಕು. ಇದನ್ನು ನಾನು ಆ ರಾತ್ರಿ ಕಲಿತೆ. ಕಲ್ಲಿನ ಕಟ್ಟಡದಿಂದ ಶೆಡ್ಡಿಗೆ ಬೇರೆ ದಾರಿಯಿಂದ ಮಾತು ಮುಟ್ಟಿಸುವ ಒಂದು ರಿಪೀಟರ್ ಕೂಡಿಸಿ, ಸೆಲ್ಲು ಬದಲಿಸಿದ ಮೇಲೆ ಶಟರ್ ಹಾಕಿದರೂ ದೀಪ ಹತ್ತಲಿಲ್ಲ.

ತರಂಗದ ಹಾದಿ ಎಲ್ಲರದೂ

ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ತರಂಗಪಟ್ಟಿಗಳಲ್ಲಿ 865ರಿಂದ 867 ಮೆಗಾಹರ್ಟ್ಸ್ ಒಂದು. 2005ರಲ್ಲಿ ತೆರೆದ ಇದನ್ನು 2021ರಲ್ಲಿ 868ರವರೆಗೆ ವಿಸ್ತರಿಸಿದರು. ಯುರೋಪಿನ ಎಷ್ಟೋ ಉಪಕರಣಗಳು 868ರ ಮೇಲಿನ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಆದ್ದರಿಂದ ಹೊರಗಿನಿಂದ ತರಿಸುವಾಗ ಅದು ಭಾರತದ ಪಟ್ಟಿಗೆ ಹೊಂದಿಸಿದ ಮಾದರಿಯೇ, ಕೇಂದ್ರದ ದೂರಸಂಪರ್ಕ ಇಲಾಖೆಯ ಒಪ್ಪಿಗೆ ಪಡೆದಿದೆಯೇ ಎಂದು ನೋಡಬೇಕು.

ಲೈಸೆನ್ಸ್ ಇಲ್ಲದ ಹಾದಿ ಎಂದರೆ ಎಲ್ಲರ ಹಾದಿ. ಹೆದ್ದಾರಿಯ ಟೋಲ್‌ನಲ್ಲಿ ಫಾಸ್ಟ್ಯಾಗ್ ಓದುವ ಯಂತ್ರ ಇದೇ ಪಟ್ಟಿಯದು. ದೂರದಿಂದ ಓದುವ ಕೆಲವು ಮೀಟರ್‌ಗಳೂ ಇಲ್ಲಿಯೇ ಮಾತಾಡುತ್ತವೆ. ಅವು ಪಕ್ಕದಲ್ಲಿಯೇ ಇದ್ದರೆ ತೊಡಕು, ದೂರದಲ್ಲಿದ್ದರೆ ಸಾಮಾನ್ಯವಾಗಿ ಇಲ್ಲ. ಮಗ್ಗದ ಮೋಟರಿನ ಕಿಡಿ, ಅಗ್ಗದ ಎಲ್ಇಡಿ ದೀಪದೊಳಗಿನ ಸರ್ಕ್ಯೂಟು ಕೂಡ ಗದ್ದಲ ಎಬ್ಬಿಸಬಲ್ಲವು. ಇಂಥ ದೋಷದ ಗುರುತು ಹೊತ್ತು: ಒಂದು ಯಂತ್ರ ಶುರುವಾದಾಗ ಬಂದು ಅದು ನಿಂತಾಗ ಹೋಗುತ್ತದೆ. ಒಂದೊಂದೇ ಸ್ವಿಚ್ಚು ಆರಿಸುತ್ತ ಹೋದರೆ ಕಳ್ಳ ಸಿಗುತ್ತಾನೆ.

ಸುಳ್ಳು ಕೂಗು

ಹೊಗೆಯ ಡಿಟೆಕ್ಟರ್‌ನೊಳಗೆ ಒಂದು ಕತ್ತಲ ಕೋಣೆಯಿದೆ. ಒಂದು ಬದಿಯಿಂದ ಬೆಳಕು ಬಿಡುತ್ತಾರೆ. ಅದು ನೇರವಾಗಿ ಬೀಳದಂತೆ ಓರೆಯಾಗಿ ಬೆಳಕು ಗ್ರಹಿಸುವ ಕಣ್ಣು ಇಡುತ್ತಾರೆ. ಹೊಗೆ ಒಳ ಹೊಕ್ಕಾಗ ಬೆಳಕು ಚದುರಿ ಕಣ್ಣಿಗೆ ತಾಗುತ್ತದೆ, ಡಿಟೆಕ್ಟರ್ ಕೂಗುತ್ತದೆ. ಆದರೆ ಬೆಳಕು ಚದುರಿಸುವುದು ಹೊಗೆಯೊಂದೇ ಅಲ್ಲ. ಮಗ್ಗದ ಕೋಣೆಯಲ್ಲಿ ಹಾರುವ ನೂಲಿನ ನವಿರು ಎಳೆ, ಒಕ್ಕುವ ಕಾಲದ ಧೂಳು, ಅಡುಗೆಮನೆಯ ಹಬೆ, ಊದಿನಕಡ್ಡಿ, ಲೋಬಾನ ಎಲ್ಲವೂ ಚದುರಿಸುತ್ತವೆ. ಮೊದಲ ಮಳೆಯ ನಂತರ ರೆಕ್ಕೆ ಬಂದ ಗೆದ್ದಲು ಒಳ ಹೊಕ್ಕರೂ ಅಷ್ಟೇ.

ಇಂಥ ಜಾಗಕ್ಕೆ ಹೊಗೆಯ ಬದಲು ಶಾಖದ ಡಿಟೆಕ್ಟರ್ ಹಾಕುವುದು ರೂಢಿ. ಅಲ್ಲಿಯೂ ಆಯ್ಕೆಯಲ್ಲಿ ಎಡವುತ್ತಾರೆ. ಸಾಮಾನ್ಯವಾಗಿ ಸಿಗುವ ಎ1 ವರ್ಗದ ಡಿಟೆಕ್ಟರ್ 54ರಿಂದ 65 ಡಿಗ್ರಿಯೊಳಗೆ ಕೂಗುತ್ತದೆ. ಅದು ಕೂತ ಜಾಗ 50 ಡಿಗ್ರಿ ಮೀರಬಾರದು. ನಮ್ಮ ಬೇಸಿಗೆಯ ಪತ್ರಾಸಿನ ಅಡಿ ಆ ಮಿತಿ ದಾಟುವ ಸಂಭವವಿದೆ. ಅಂಥಲ್ಲಿ 69ರಿಂದ 85 ಡಿಗ್ರಿಯಲ್ಲಿ ಕೂಗುವ ಬಿ ವರ್ಗ ಬೇಕು. ಶಾಖದ ಡಿಟೆಕ್ಟರ್ ಹೊಗೆಯದಕ್ಕಿಂತ ತಡವಾಗಿ ಎಚ್ಚರಿಸುತ್ತದೆ ಎಂಬುದನ್ನು ಮರೆಯಬಾರದು. ಆದ್ದರಿಂದ ಜನ ಮಲಗುವ ಕೋಣೆಗೆ, ನೂಲು ಸುಮ್ಮನೆ ಪೇರಿಸಿಟ್ಟ ಕೋಣೆಗೆ ಹೊಗೆಯದೇ ಇರಲಿ. ಧೂಳು ಏಳುವ, ಒಲೆ ಉರಿಯುವ ಕಡೆ ಮಾತ್ರ ಶಾಖದ್ದು.

ಸುಳ್ಳು ಕೂಗನ್ನು ಸಣ್ಣದೆಂದು ಬಿಡಬಾರದು. ಅಮೆರಿಕದ ಸೀಟನ್ ಹಾಲ್ ವಿಶ್ವವಿದ್ಯಾಲಯದ ವಸತಿನಿಲಯಕ್ಕೆ 2000ದ ಜನವರಿ 19ರಂದು ಬೆಂಕಿ ಬಿದ್ದಾಗ ಅಲಾರಂ ಕೂಗಿತ್ತು. ಅದಕ್ಕೂ ಮೊದಲು ಎಷ್ಟೋ ಸಲ ಸುಳ್ಳೇ ಕೂಗಿದ್ದರಿಂದ ಹಲವು ವಿದ್ಯಾರ್ಥಿಗಳು ಇದೂ ಹಾಗೆಯೇ ಎಂದುಕೊಂಡರು. 3 ವಿದ್ಯಾರ್ಥಿಗಳು ಬದುಕಲಿಲ್ಲ.

ಪ್ಯಾನೆಲ್ ಮತ್ತು ಅದರ ಮುಂದಿನ ಮನುಷ್ಯ

ಡಿಟೆಕ್ಟರ್‌ಗಳು ಸೆಲ್ಲಿನ ಮೇಲೆ ನಡೆದರೂ ಪ್ಯಾನೆಲ್ ನಡೆಯುವುದು ಕರೆಂಟಿನ ಮೇಲೆ. ಕರೆಂಟು ಹೋದಾಗ ಆಸರೆ ಅದರೊಳಗಿನ ಲೆಡ್ ಆ್ಯಸಿಡ್ ಬ್ಯಾಟರಿ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಆ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮೀಟರಿನಲ್ಲಿ 12 ವೋಲ್ಟ್ ತೋರಿಸಿದರೆ ಸಾಲದು. ಮೇನ್ಸ್ ತೆಗೆದು ಹೂಟರ್ ಕೂಗಿಸಿ ನೋಡಬೇಕು. ಮುದಿ ಬ್ಯಾಟರಿ ಆಗ ತನ್ನ ನಿಜ ಹೇಳುತ್ತದೆ.

ಇನ್ನು ಪ್ಯಾನೆಲ್ ಮೇಲೆ ಬರುವ ಜಾಗದ ಹೆಸರು. 2019ರ ಏಪ್ರಿಲ್ 15ರಂದು ಪ್ಯಾರಿಸ್‌ನ ನೋತ್ರ್ ದಾಮ್ ಇಗರ್ಜಿಗೆ ಬೆಂಕಿ ಬಿದ್ದಾಗ ಡಿಟೆಕ್ಟರ್ ತನ್ನ ಕೆಲಸ ಮಾಡಿತ್ತು. ಪ್ಯಾನೆಲ್ ಮೇಲೆ ಬಂದ ಸಂಕೇತ ಅರ್ಥವಾಗದೆ ಕಾವಲಿನವನನ್ನು ಬೇರೆ ಕಟ್ಟಡಕ್ಕೆ ಕಳಿಸಿದರು. ನಿಜವಾದ ಜಾಗ ತಿಳಿಯುವುದರೊಳಗೆ ಸುಮಾರು ಅರ್ಧ ಗಂಟೆ ಕಳೆದು, ಚಾವಣಿಯ ಮರ ಹೊತ್ತಿ ಉರಿಯುತ್ತಿತ್ತು. ನಮ್ಮ ಪ್ಯಾನೆಲ್‌ಗಳ ಮೇಲೆ “ಝೋನ್ 2, ಡಿವೈಸ್ 14” ಎಂದು ಬರುತ್ತದೆ. ರಾತ್ರಿ ಒಂದು ಗಂಟೆಗೆ ಕಾಕಾ ಅದನ್ನು ಹೇಗೆ ಓದಬೇಕು? ಪ್ಯಾನೆಲ್ ಪಕ್ಕದಲ್ಲಿ ಕನ್ನಡದಲ್ಲಿ ಬರೆದ ನಕ್ಷೆಯೊಂದು ಇರಲೇಬೇಕು: 14 ಎಂದರೆ ಬಾವಿ ಕಡೆಯ ಕೋಣೆ, 15 ಎಂದರೆ ಮಾಳಿಗೆ ಮೆಟ್ಟಿಲು. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ 112.

ಕೊನೆಯದು, ಎಲ್ಲಕ್ಕಿಂತ ಅಪಾಯದ್ದು: ಬಂದ್ ಮಾಡಿಡುವುದು. ಕಾಕಾರನ್ನು ನಾನು ದೂಷಿಸಲಾರೆ. ಅದು ಏನು ಹೇಳುತ್ತಿದೆ, ಯಾರಿಗೆ ಫೋನ್ ಮಾಡಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಜೋಡಿಸಿ ಹೋದವರು ಮಾಲೀಕರ ಸಹಿ ಪಡೆದಿದ್ದರು. ಅಲ್ಲಿ ಮಲಗುವ ಮನುಷ್ಯನ ಜೊತೆ ಐದು ನಿಮಿಷ ಮಾತಾಡಿರಲಿಲ್ಲ.

ತಂತಿಯೋ, ಗಾಳಿಯೋ

ಇಷ್ಟು ತೊಡಕಿದ್ದ ಮೇಲೆ ತಂತಿಯೇ ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಹೊಸದಾಗಿ ಕಟ್ಟುವ, ತಂತಿ ಹಾಯಿಸಲು ಅನುಕೂಲವಿರುವ ಕಟ್ಟಡಕ್ಕೆ ತಂತಿಯೇ ಮೇಲು. ಸೆಲ್ಲಿನ ಗೋಳಿಲ್ಲ, ತರಂಗದ ಗದ್ದಲವಿಲ್ಲ. ಆದರೆ ಹಳೆಯ ಕಲ್ಲಿನ ಕಟ್ಟಡಕ್ಕೆ, ಮನೆಯೂ ಮಗ್ಗವೂ ಒಂದೇ ಆಗಿರುವ ನೇಕಾರರ ಓಣಿಗೆ ತಂತಿ ಹಾಯಿಸುವುದು ಆಗದ ಮಾತಾದರೆ, ಏನೂ ಇಲ್ಲದಿರುವುದಕ್ಕಿಂತ ಚೆನ್ನಾಗಿ ನೋಡಿಕೊಂಡ ವೈರ್‌ಲೆಸ್ ಸಾವಿರ ಪಾಲು ಲೇಸು. ದೊಡ್ಡ ನಗರದ ಬಹುಮಹಡಿ ಕಟ್ಟಡಕ್ಕೆ ಇರುವಷ್ಟು ತಪಾಸಣೆ ಸಣ್ಣ ಊರಿನ ಶೆಡ್ಡಿಗೆ ಇಲ್ಲ. ಇಲ್ಲಿ ನಮಗೆ ನಾವೇ ತಪಾಸಕರು.

ಆ ಕೆಲಸಕ್ಕೆ ನಮ್ಮ ಪಂಚಾಂಗದಲ್ಲಿಯೇ ಒಂದು ದಿನ ಇದೆ. ಖಂಡೇನವಮಿಗೆ ಮಗ್ಗ ನಿಲ್ಲಿಸಿ, ಧೂಳು ಹೊಡೆದು, ತೊಳೆದು ಒರೆಸಿ, ಕುಂಕುಮ ಹಚ್ಚುತ್ತೇವೆ. ಅದೇ ದಿನ ಏಣಿ ಹಾಕಿ ಡಿಟೆಕ್ಟರ್‌ಗಳ ಧೂಳೂ ತೆಗೆಯೋಣ, ಸೆಲ್ಲಿನ ಮೇಲೆ ತಾರೀಖು ಬರೆಯೋಣ, ಸಿಗ್ನಲ್ ಅಂಕಿ ಗುರುತು ಹಾಕೋಣ. ನಮ್ಮ ಜೀವ ಕಾಯುವ ಆಯುಧಕ್ಕೂ ಆ ದಿನದ ಪೂಜೆ ಸಲ್ಲಬೇಕು. ವಾರಕ್ಕೊಮ್ಮೆ, ಸಂತೆಯ ದಿನ ಎಂದಿಟ್ಟುಕೊಳ್ಳಿ, ಬೆಂಕಿ ಕಂಡವರು ಕೈಯಿಂದ ಒತ್ತಲೆಂದು ಗೋಡೆಗೆ ಕೂಡಿಸಿದ ಗಾಜಿನ ಕೆಂಪು ಡಬ್ಬಿಯನ್ನು ಅದರ ಪರೀಕ್ಷೆಯ ಕೀಲಿಯಿಂದ ಒತ್ತಿ ಹೂಟರ್ ಕೇಳಿಸುತ್ತದೆಯೇ ನೋಡೋಣ.

ಆ ಗೋದಾಮಿನಲ್ಲಿ ಪ್ಯಾನೆಲ್ ಕೆಳಗೆ ಮೊಳೆ ಹೊಡೆದು ಒಂದು ನೂರು ಪುಟದ ವಹಿ ತೂಗುಹಾಕಿ ಬಂದಿದ್ದೆ. ತಾರೀಖು, ಹೊತ್ತು, ಯಾವ ದೀಪ, ಆ ದಿನ ಗೋದಾಮಿನಲ್ಲಿ ಏನು ಬದಲಾಯಿತು, ಇಷ್ಟೇ ನಾಲ್ಕು ಗೆರೆ. ದೀಪಾವಳಿಯ ಮುಂದೆ ಹೋದಾಗ ತೆರೆದು ನೋಡಿದೆ. ಕಾಕಾರ ದುಂಡು ಅಕ್ಷರದಲ್ಲಿ ಒಂದೇ ಒಂದು ಸಾಲು ಇತ್ತು: “ರಾತ್ರಿ ಎಂಟೂವರಿ. ಹಳದಿ. ಬಾವಿ ಕಡೆ ಕೋಣಿ. ಇವತ್ತ ಅಲ್ಲಿ ತಗಡಿನ ಕಪಾಟು ತಂದು ಇಟ್ಟಾರ. ಸರಿಸಿಟ್ಟೆ. ಹಸಿರು ಆತು.”